ಸದ್ದಿಲ್ಲದ ಊರಿಗೆ ಅರ್ಧ ಚರಗ

ಆ ಕಲ್ಲಿನ ಮೇಲೆ ಅಮರೇಶಪ್ಪನಿಗೆ ಇವತ್ತಿಗೂ ಸಿಟ್ಟಿದೆ. ಕಲ್ಲೆಂದರೆ ಭಾರಿ ಬಂಡೆಯೇನಲ್ಲ, ಒಂದು ಉಳ್ಳಾಗಡ್ಡಿಯಷ್ಟು ಗಾತ್ರದ್ದು. ಹೈದರಾಬಾದಿನ ಬಂಡೆಗಳನ್ನೆಲ್ಲ ಮದ್ದಿಟ್ಟು ಒಡೆದು, ಆ ಜಾಗದಲ್ಲಿ ಕಂಪ್ಯೂಟರ್ ಕಂಪನಿಗಳ ಗಾಜಿನ ಕಟ್ಟಡ ಎಬ್ಬಿಸುತ್ತಿದ್ದ ಕಾಲ ಅದು. ಮಣಿಕೊಂಡದ ಓಣಿಯಲ್ಲಿ ದಿನಾ ಮಧ್ಯಾಹ್ನ ಸೀಟಿ ಕೇಳುತ್ತಿತ್ತು, ಕೆಂಪು ಬಾವುಟ ಏಳುತ್ತಿತ್ತು, ಢಂ ಎನ್ನುತ್ತಿತ್ತು, ಮನೆಮನೆಯ ಪಾತ್ರೆಗಳು ಒಂದು ಸುತ್ತು ಕುಣಿದು ಸುಮ್ಮನಾಗುತ್ತಿದ್ದವು. ಅಷ್ಟಕ್ಕೆಲ್ಲ ಅಮರೇಶಪ್ಪ ಒಗ್ಗಿಹೋಗಿದ್ದ. ಆದರೆ ಅಂದು ಆ ಕಲ್ಲು ಸೀದಾ ಹಾರಿಬಂದು, ಚಾವಣಿಯ ತಗಡಿಗೆ ತೂತು ಹೊಡೆದು, ಉಣ್ಣಲು ಕೂತಿದ್ದ ಅವನ ಗಂಗಾಳದೊಳಗೆ, ಎಣ್ಣೆಗಾಯಿಯ ನಟ್ಟನಡುವೆ ಇಳಿಯಿತು! ಎಣ್ಣೆ ಅಂಗಿಗೆ, ಖಾರ ಕಣ್ಣಿಗೆ, ಬದನೆಕಾಯಿ ಗೋಡೆಗೆ!

ಒಂದೇ ಕಣ್ಣು ತೆರೆದುಕೊಂಡು, ಕಲ್ಲನ್ನು ಮುಷ್ಟಿಯಲ್ಲಿ ಹಿಡಿದು, ಅಮರೇಶಪ್ಪ ಬಂಡೆ ಒಡೆಯುವ ಜಾಗಕ್ಕೆ ದಂಡೆತ್ತಿ ಹೋದ. ಅವನ ಕೂಗು ಕೇಳಿ ಇಂಜಿನಿಯರ್ ಹೊರಗೆ ಬಂದ. ಕಲ್ಲನ್ನು ನೋಡಿದ, ಅಮರೇಶಪ್ಪನನ್ನು ನೋಡಿದ, ತಣ್ಣಗೆ ಕೇಳಿದ: "ಮೇಸ್ತ್ರಿ, ಈ ಬಂಡೆ ಹೋದಮೇಲೆ ಇಲ್ಲಿ ಏಳೋ ಬಿಲ್ಡಿಂಗಿಗೆ ಸೆಂಟ್ರಿಂಗ್ ಕೆಲಸ ಹಿಡಿದಿರೋದು ಯಾರು?"

ಹಿಡಿದವನು ಅಮರೇಶಪ್ಪನೇ! ಹಲಗೆ ಹೊಡೆಯುವ ಆಳುಗಳೂ ಅವನವರೇ, ಎಲ್ಲ ಚಿಂಚೋಳಿ ಕಡೆಯವರು. ಬಂಡೆ ಬೇಗ ಒಡೆಯಿರಿ ಎಂದು ಹಿಂದಿನ ವಾರ ಗಂಟಲು ಹರಿದುಕೊಂಡವನೂ ಅವನೇ. ಉತ್ತರವಿಲ್ಲದ ಸಿಟ್ಟು ಬಹಳ ಕೆಟ್ಟದ್ದು. ಇಳಿಯೋಣವೆಂದರೆ ಅದಕ್ಕೆ ಮೆಟ್ಟಿಲೇ ಇರುವುದಿಲ್ಲ. ಅಮರೇಶಪ್ಪ ಅದನ್ನು ಹಾಗೆಯೇ ಹೊತ್ತುಕೊಂಡು ಮನೆಗೆ ಬಂದ.

"ಕೇಳಿಲ್ಲಿ ಗುರುದೇವಿ! ಈ ಗದ್ದಲದಾಗ ಇನ್ನ ನಾ ಇದ್ರ, ಮೀಸಿ ಬೋಳಿಸಿ ಮೆಹದಿಪಟ್ಟಣಂ ಬಸ್‌ಸ್ಟ್ಯಾಂಡಿನ್ಯಾಗ ನಿಂದರ್ತೀನಿ! ಸದ್ದಿಲ್ಲದ ಊರು ಹುಡುಕತೀನಿ. ಗುಬ್ಬಿ ಪುರ್ ಅಂದ್ರೂ ಕೇಳಬೇಕು, ಅಂಥಾದ್ದು!"

ಹೆಂಡತಿ ಗುರುದೇವಿ ಗೋಡೆಯಿಂದ ಬದನೆಕಾಯಿ ಕೀಳುತ್ತ ಅಂದಳು, "ಊರು ಸಿಗಬಹುದ್ರಿ. ಆದ್ರ ಅಲ್ಲಿ ಹೋಗಿ ಇರೋರು ನಾವ ಅಲ್ಲೇನು?"

"ಅಂದ್ರ?"

"ಏನಿಲ್ಲ. ಕಣ್ಣು ತೊಳಕೋರಿ, ಖಾರ ಐತಿ."

ಅವಳ ಅನುಮಾನಕ್ಕೆ ಕಾರಣವಿತ್ತು. ನೆಲದ ಮೇಲೆ ನಿಂತು ಏಳನೇ ಅಂತಸ್ತಿನ ಆಳಿಗೆ ಮೊಳೆ ಹೊಡೆಯಲು ಹೇಳಿ ಹೇಳಿ ಅಮರೇಶಪ್ಪನ ಗಂಟಲು ಒಂದು ಅಳತೆಗೆ ಬಂದುಬಿಟ್ಟಿತ್ತು. ಹೆಂಡತಿಯ ಹತ್ತಿರ ಚಹಾ ಕೇಳುವುದೂ ಅದೇ ಅಳತೆಯಲ್ಲೇ. ಆದರೆ ತಾನು ಶಾಂತ ಸ್ವಭಾವದವನು, ಊರೇ ಗದ್ದಲದ್ದು ಎಂಬುದು ಅವನ ಗಟ್ಟಿ ನಂಬಿಕೆ. ಆ ನಂಬಿಕೆಯನ್ನೂ ಅವನು ಗಟ್ಟಿಯಾಗಿಯೇ ಹೇಳುತ್ತಿದ್ದ.

ಸಿಟ್ಟು ಆರುವ ಮೊದಲೇ ಅಂಗಳಕ್ಕೆ ಹೋಗಿ ಮನೆಯ ಒಡತಿ ಉಮಾಬಾಯಿಗೆ ನೋಟೀಸನ್ನೂ ಕೊಟ್ಟುಬಿಟ್ಟ. ಉಮಾಬಾಯಿ ಬೀದರ್ ಕಡೆಯ ಮುದುಕಿ. ಮುಂದಿನ ಕೋಣೆಯಲ್ಲಿ ತಾನಿದ್ದು ಹಿಂದಿನ ಎರಡು ಕೋಣೆ ಬಾಡಿಗೆಗೆ ಕೊಟ್ಟಿದ್ದಳು.

"ಉಮಾಬಾಯಾರ! ಈ ತಿಂಗಳ ಮುಗಿಯೂದ್ರಾಗ ಮನಿ ಖಾಲಿ! ಯಾರಿಗರೆ ಕೊಟ್ಟುಬಿಡ್ರಿ!"

"ಹೂಂ, ಆತು ಬಿಡಪಾ," ಎಂದಳು ಉಮಾಬಾಯಿ, ಅವರೆಕಾಯಿ ಸುಲಿಯುವುದನ್ನು ನಿಲ್ಲಿಸದೆ. "ಹೋಗೂ ಮುಂದ ತಗಡಿನ ತೂತು ಮುಚ್ಚಿಸಿ ಹೋಗು."

ಒಂದು ಮಾತಿಗಾದರೂ 'ಯಾಕಪಾ, ಇರು' ಅನ್ನಬೇಕೋ ಬೇಡವೋ! ಅಲ್ಲಿಗೆ ಅಮರೇಶಪ್ಪನಿಗೆ ಹಿಂದೆ ಸರಿಯುವ ದಾರಿಯೂ ಮುಚ್ಚಿತು. ತಿಂಗಳು ಮುಗಿಯುವುದರೊಳಗೆ ಬೇರೆ ಮನೆ ಆಗಲೇಬೇಕು. ಆಗದಿದ್ದರೆ ಗಂಟುಮೂಟೆ ಬೀದಿಗೆ.

ಯಾರೋ ಶಂಕರಪಲ್ಲಿಯ ಹೆಸರು ಹೇಳಿದರು. ಲಿಂಗಂಪಲ್ಲಿಯಿಂದ ರೈಲು ಹತ್ತಿದರೆ ಆಯಿತು, ಊರು ತಣ್ಣಗಿದೆ, ಬಾಡಿಗೆಯೂ ಹಗುರ. ಸ್ಟೇಷನ್ನಿನ ಆಚೆ ಹೊಸದಾಗಿ ಎದ್ದ ಕಾಲೊನಿಯ ಹೆಸರು ನಿಶ್ಚಿಂತ ಎನ್‌ಕ್ಲೇವ್. ಅಲ್ಲಿ ಮನೆ ತೋರಿಸಿದವರು ಪದ್ಮನಾಭ. ಮನೆಯ ಮಾಲೀಕರೂ ಅವರೇ, ಕಾಲೊನಿಯ ಕಾರ್ಯದರ್ಶಿಯೂ ಅವರೇ. ಗುಲ್ಬರ್ಗಾದ ಬ್ಯಾಂಕೊಂದರಲ್ಲಿ ಬಹಳ ಕಾಲ ಇದ್ದು ನಿವೃತ್ತರಾದವರು. ಹಾಗಾಗಿ ಕನ್ನಡ ಬರುತ್ತಿತ್ತು, ಅದೂ ಇಸ್ತ್ರಿ ಹಾಕಿ ಮಡಿಸಿಟ್ಟಂಥ ಕನ್ನಡ, ತುದಿಗೆ ಮಾತ್ರ ಅವರ ತೆಲುಗಿನ 'ಅಂಡಿ'.

"ಇಲ್ಲಿ ಗಂಡಸರೆಲ್ಲ ಬೆಳಿಗ್ಗೆ ರೈಲಿಗೆ ಹೋಗುತ್ತಾರೆ, ರಾತ್ರಿ ಬಂದು ಮಲಗುತ್ತಾರೆ. ಸದ್ದು ಮಾಡಲು ಯಾರಿಗೂ ಪುರುಸೊತ್ತೇ ಇಲ್ಲವಂಡಿ," ಎಂದರು ಪದ್ಮನಾಭ ಪಿಸುಮಾತಿನಲ್ಲಿ. ಅಲ್ಲಿ ಎಲ್ಲರದೂ ಪಿಸುಮಾತೇ. "ನೀವು ನಾಲ್ಕು ದಿನ ಇದ್ದು ನೋಡಿ. ನಿಮಗೆ ನಾವು ಹಿಡಿಸಬೇಕು, ನಮಗೆ ನೀವು ಹಿಡಿಸಬೇಕು. ಆಮೇಲೆ ಮಾತು."

"ಹಿಡಿಸ್ತೀವ್ರೀ!" ಎಂದ ಅಮರೇಶಪ್ಪ. ಮೂರು ಮನೆಗಳ ಕಿಟಕಿ ತೆರೆದವು.

ಎಳ್ಳ ಅಮಾಸಿ ಹತ್ತಿರ ಬಂದಿತ್ತು. ಹಬ್ಬಕ್ಕೆ ಅವನ ಆಳುಗಳೆಲ್ಲ ಊರಿಗೆ ಹೋಗಿ ಸೆಂಟ್ರಿಂಗ್ ಕೆಲಸ ನಿಂತಿತ್ತು. ಅದೇ ಸಮಯ ನೋಡಿ ಗಂಡ ಹೆಂಡತಿ ಹಾಸಿಗೆ, ಸ್ಟವ್ವು, ಹಬ್ಬದ ಸಾಮಾನು ಕಟ್ಟಿಕೊಂಡು ಶಂಕರಪಲ್ಲಿಗೆ ಬಂದಿಳಿದರು.

ಆಹಾ, ಏನು ಶಾಂತಿ! ಮೊದಲ ಸಂಜೆ ಅಮರೇಶಪ್ಪ ಕಟ್ಟೆಯ ಮೇಲೆ ಕಾಲಾಡಿಸುತ್ತ ಮಹಾರಾಜನಂತೆ ಕೂತ. ಸ್ವಲ್ಪ ಹೊತ್ತಿಗೆ ಎಲ್ಲೋ ಕಟಕಟ ಸದ್ದು ಕೇಳಿಸಿತು. ಯಾವ ಬೇಕೂಫ ಈ ಶಾಂತಿ ಕೆಡಿಸುತ್ತಿದ್ದಾನೆ ಎಂದು ಎದ್ದು ನೋಡಿದರೆ, ಸದ್ದು ಅವನ ಮೊಣಕಾಲಿನದು! ಇಷ್ಟು ವರ್ಷ ಮಣಿಕೊಂಡದ ಗದ್ದಲ ಅದನ್ನು ಮುಚ್ಚಿಟ್ಟಿತ್ತು. ಒಳಗೆ ಹೋಗಿ, "ಏ, ಶಕ್ಕರಿ ಎಲ್ಲಿಟ್ಟೀ?" ಎಂದು ಕೇಳಿದ. ಗುರುದೇವಿ ಬಾಯಿ ತೆರೆಯುವ ಮೊದಲೇ ಮೂರನೇ ಮನೆಯ ಹೆಂಗಸು ಸಕ್ಕರೆ ಬಟ್ಟಲು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸೀನಿದರೆ ಎದುರು ಮನೆಯ ದೀಪ ಹೊತ್ತುತ್ತಿತ್ತು.

"ಮಂದಿ ಭಾಳ ಚಲೋ ಅದಾರ," ಎಂದ ಅಮರೇಶಪ್ಪ.

"ಚಲೋ ಅದಾರ ಖರೆ," ಎಂದಳು ಗುರುದೇವಿ. "ಆದ್ರ ಇಲ್ಲಿ ನಿಮ್ಮ ಕೂಡ ಜಗಳ ಮಾಡಬೇಕಂದ್ರ ಹೆಂಗ್ರಿ? ಮಣಿಕೊಂಡದಾಗ ಬ್ಲಾಸ್ಟಿಂಗ್ ಟೈಮಿಗೆ ಬೈದು ಮುಗಿಸ್ತಿದ್ದೆ, ಯಾರಿಗೂ ಗೊತ್ತಾಗ್ತಿರಲಿಲ್ಲ."

ಅಮಾಸಿಯ ದಿನ ನಸುಕಿನಲ್ಲೇ ಗುರುದೇವಿ ಸಜ್ಜಿ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ, ಅಂಬಲಿ ಮಾಡಿದ್ದಳು. ಸಿಕ್ಕ ಕಾಯಿಪಲ್ಲೆ, ಹಸಿಕಾಳು ಎಲ್ಲ ಕೂಡಿಸಿ ಹಳದಿ ಭಜ್ಜಿ ಕುದಿಸಿದ್ದಳು. ಅವರ ಕಡೆ ಆ ದಿನ ಒಲೆ ಹೊತ್ತಿಸುವುದು ಮನೆಯವರಿಗಿಂತ ಮೊದಲು ಹೊಲಕ್ಕೆ. ಮಾಡಿದ್ದನ್ನೆಲ್ಲ ಕಲಸಿ, ಹೊಲದ ಸುತ್ತ ಕೂಗುತ್ತ ಚೆಲ್ಲಿ, ಭೂಮಿತಾಯಿಗೆ ಉಣಿಸಬೇಕು. ಅದು ಚರಗ. ಸುತ್ತು ಪೂರ್ತಿಯಾಗದೆ ಮನೆಯವರು ತುತ್ತು ಎತ್ತುವಂತಿಲ್ಲ. ಅಮರೇಶಪ್ಪ ಹೈದರಾಬಾದಿಗೆ ಬಂದ ಮೇಲೆ ಚರಗ ಚೆಲ್ಲಿರಲೇ ಇಲ್ಲ. ಮಣಿಕೊಂಡದಲ್ಲಿ ಚೆಲ್ಲುವುದಾದರೂ ಎಲ್ಲಿ? ಕಾಂಕ್ರೀಟಿಗೆ ಹಸಿವಾಗುವುದಿಲ್ಲ. ಇಲ್ಲಾದರೆ ಮನೆಯ ಹಿಂದೆಯೇ ಪದ್ಮನಾಭರ ಖಾಲಿ ಪ್ಲಾಟು. ಹುಲ್ಲಿದೆ, ಮಣ್ಣಿದೆ!

"ಮಾಲಕರನ್ನ ಒಂದ ಮಾತು ಕೇಳಿ ಮಾಡ್ರಿ," ಎಂದಳು ಗುರುದೇವಿ. "ಈ ಕಡಿ ಮಂದಿಗೆ ಅಮಾಸಿ ಅಂದ್ರ ಅಂಜಿಕಿ."

"ಕೇಳೂದೇನು? ಭೂಮಿತಾಯಿಗೆ ಊಟ ಹಾಕಾಕ ಕಾರ್ಯದರ್ಶಿ ಪರ್ಮಿಷನ್ ಬೇಕೇನು? ನಡೀ, ತಂಬಿಗಿ ಹಿಡಿ!"

ಪ್ಲಾಟಿನ ನಡುವೆ ಐದು ಕಲ್ಲು ಹೂಡಿದ. ಅವು ಪಾಂಡವರು. ಅವಕ್ಕೆ ಸುಣ್ಣ ಬಳಿದು ಕೆಮ್ಮಣ್ಣಿನ ಬೊಟ್ಟಿಟ್ಟು, ಹತ್ತಿರದ ಹೊಲದಿಂದ ಬೇಡಿ ತಂದ ಜೋಳದ ದಂಟನ್ನು ಗುಡಿಸಲಿನಂತೆ ಮೇಲೆ ಕಟ್ಟಿದ. ಅದರ ಮುಂದೆ ರೊಟ್ಟಿಯ ಬುಟ್ಟಿ, ಭಜ್ಜಿ, ಅಂಬಲಿಯ ಗಡಿಗೆ. ತಲೆಗೆ ಕರಿ ಕಂಬಳಿಯ ಕೊಪ್ಪೆ, ಹಣೆತುಂಬ ಕುಂಕುಮ, ಕಂಕುಳಲ್ಲಿ ಬುಟ್ಟಿ. ಹಿಂದೆ ನೀರಿನ ತಂಬಿಗೆ ಹಿಡಿದ ಗುರುದೇವಿ. ಏಳನೇ ಅಂತಸ್ತಿಗೆ ಮುಟ್ಟುವ ಗಂಟಲು ಆ ಮಂಜು ಮುಸುಕಿದ ಮೌನದಲ್ಲಿ ಚರಗದ ಕೂಗಿಗೆ ತೆರೆಯಿತು ನೋಡಿ!

"ಹುಲ್ಲುಲ್ಲಿಗೋ..!"

"ಚಲ್ಲಂಬರಿಗೋ," ಎಂದಳು ಗುರುದೇವಿ, ನಾಚಿಕೊಂಡು, ಮೆಲ್ಲಗೆ.

"ಗಟ್ಟಿ ಅನ್ನು! ಭೂಮಿತಾಯಿಗೆ ಕಿವಿ ಮಂದ!"

ಸರಿಯಾಗಿ ಅದೇ ಹೊತ್ತಿಗೆ ಕಾಲೊನಿಯ ಗಂಡಸರೆಲ್ಲ ಕೊರಳಿಗೆ ಕಂಪನಿಯ ಕಾರ್ಡು, ಬೆನ್ನಿಗೆ ಕಂಪ್ಯೂಟರ್ ಚೀಲ ಹಾಕಿಕೊಂಡು, ಪ್ಲಾಟಿನ ಪಕ್ಕದ ದಾರಿಯಲ್ಲಿ ರೈಲಿಗೆ ಹೊರಟಿದ್ದರು. ಅವರಿಗೆ ಕಂಡದ್ದೇನು? ಅಮಾವಾಸ್ಯೆಯ ಮುಂಜಾವು, ಸುಣ್ಣ, ಕೆಂಪು ಬೊಟ್ಟಿನ ಕಲ್ಲುಗಳು, ಕರಿ ಕಂಬಳಿ ಹೊದ್ದ ಮೀಸೆಯ ಗಂಡಸು ಅರ್ಥವಾಗದ ಮಂತ್ರ ಕೂಗುತ್ತ ಹಳದಿ ಮುದ್ದೆ ಎಸೆಯುತ್ತಿದ್ದಾನೆ! ಮುಂದಿದ್ದವನು ಗಕ್ಕನೆ ನಿಂತ. ಹಿಂದಿನವರು ಬಂದು ಅವನ ಬೆನ್ನಿಗೆ ಢಿಕ್ಕಿ ಹೊಡೆದರು.

"ಹುಲ್ಲುಲ್ಲಿಗೋ!" ಎಂದು ಅಮರೇಶಪ್ಪ ಇನ್ನೊಂದು ಮುದ್ದೆ ಬೀಸಿದ. ಬೀಸಿದ ಕೈ ಮೇಸ್ತ್ರಿಯದು. ಮುದ್ದೆ ಬೇಲಿ ದಾಟಿ ಹಾರಿ ವಿಜಯಕುಮಾರ ಎಂಬ ಸಾಫ್ಟ್‌ವೇರ್ ತರುಣನ ಎದೆಯ ಮೇಲಿನ ಕಾರ್ಡಿಗೆ, ಅದರಲ್ಲಿನ ಫೋಟೋಗೆ, ಫಟ್ಟೆಂದು ಅಂಟಿಕೊಂಡಿತು.

"ಬಾಣಾಮತಿ!" ಎಂದು ಚೀರಿದ ವಿಜಯಕುಮಾರ.

ಮಾಟದ ಆ ಹೆಸರು ಕೇಳಿದ್ದೇ ತಡ, ಗಂಡಸರೆಲ್ಲ ಹಿಂದೆ ತಿರುಗಿ ಓಟ! ಚೀಲ ಬಿದ್ದವು, ಬುತ್ತಿ ಡಬ್ಬಿ ಉರುಳಿದವು, ಒಬ್ಬನ ಚಪ್ಪಲಿ ಬೇಲಿಯೊಳಕ್ಕೆ ಹಾರಿ ಪಾಂಡವರ ಹತ್ತಿರ ಬಿತ್ತು. ಆಚೆ ರೈಲು ಕೂಗಿ, ಕಾದು, ಹೊರಟುಹೋಯಿತು. ಆ ಊರು ಹುಟ್ಟಿದ ಮೇಲೆ ಅಷ್ಟು ಜನರನ್ನು ಬಿಟ್ಟು ಹೋದದ್ದು ಅದಕ್ಕೆ ಅದೇ ಮೊದಲಿರಬೇಕು. ಮಕ್ಕಳ ಅಳು, ನಾಯಿಗಳ ಬೊಗಳು, ಬಾಗಿಲುಗಳ ಧಡಧಡ! ನಿಶ್ಚಿಂತ ಎನ್‌ಕ್ಲೇವಿಗೆ ಇಷ್ಟೊಂದು ದನಿ ಇತ್ತೆಂದು ಅದಕ್ಕೇ ಗೊತ್ತಿರಲಿಲ್ಲ.

ಸುತ್ತು ಅರ್ಧಕ್ಕೆ ನಿಂತಿತು. ಬನಿಯನ್ನಿನಲ್ಲೇ ಪದ್ಮನಾಭ ಓಡಿಬಂದರು. ಹಿಂದೆ, ಸ್ವಲ್ಪ ದೂರ ಬಿಟ್ಟು, ಇಡೀ ಕಾಲೊನಿ.

"ಅಮರೇಶಪ್ಪಗಾರು! ನನ್ನ ಪ್ಲಾಟಿನಲ್ಲಿ ಏನಂಡಿ ಇದು?"

"ಚರಗ ರೀ! ಎಳ್ಳ ಅಮಾಸಿ! ಗುಲ್ಬರ್ಗಾದಾಗ ಅಷ್ಟು ವರ್ಷ ಇದ್ರಿ, ಇಷ್ಟೂ ಗೊತ್ತಿಲ್ಲೇನ್ರಿ?"

"ಹೇಗೆ ಗೊತ್ತಿರುತ್ತದೆ? ಆ ದಿನ ನೀವೆಲ್ಲ ಹೊಲಕ್ಕೆ ಹೋಗಿರುತ್ತಿದ್ದಿರಿ, ಬ್ಯಾಂಕು ಖಾಲಿ. ನಾವು ಒಳಗೆ ಮಲಗಿರುತ್ತಿದ್ದೆವು!"

ಅಮರೇಶಪ್ಪ ತಿಳಿಸಿ ಹೇಳಲು ಹೊರಟ. ಕಷ್ಟವೆಂದರೆ ಅವನು ತಿಳಿಸಿ ಹೇಳುವುದೂ ಬೈಯುವುದೂ ಕೇಳುವವರಿಗೆ ಒಂದೇ. ಅವನು ಪಾಂಡವರ ಹೆಸರು ಹೇಳಿದಷ್ಟೂ ಜನ ಒಂದೊಂದು ಹೆಜ್ಜೆ ಹಿಂದೆ ಸರಿದರು. "ಇದು ಊಟರೀ, ಊಟ!" ಎಂದು ಮುದ್ದೆ ಎತ್ತಿ ತೋರಿಸಿದ. ಎಲ್ಲರೂ ತಲೆ ಬಗ್ಗಿಸಿಕೊಂಡು ಕೂತುಬಿಟ್ಟರು!

"ಪೊಲೀಸರನ್ನು ಕರೆಯೋಣ," ಎಂದಿತು ಗುಂಪಿನ ಒಂದು ದನಿ.

ಆಗ ಗುರುದೇವಿಯ ಮುಖ ಬಾಡಿದ್ದು ಅಮರೇಶಪ್ಪನ ಕಣ್ಣಿಗೆ ಬಿತ್ತು. ಅಲ್ಲಿ ಮನೆ ಬಿಟ್ಟಾಯಿತು, ಇಲ್ಲಿ ಮನೆ ಕೈತಪ್ಪುತ್ತಿದೆ, ಮೇಲೆ ಪೊಲೀಸು. ಅವನು ಎತ್ತಿದ್ದ ಮುದ್ದೆಯನ್ನು ಬುಟ್ಟಿಗೆ ಇಳಿಸಿದ. ಗುರುದೇವಿ ಮಾತ್ರ ಕಲ್ಲುಗಳ ಮುಂದೆ ಕಂಬಳಿ ಹಾಸಿ, ಕೂತು, ರೊಟ್ಟಿ ಮುರಿದು ಭಜ್ಜಿ ಹಚ್ಚಿ ಬಾಯಿಗಿಟ್ಟಳು. ಸುತ್ತು ಮುಗಿಯದೆ ಉಣ್ಣಬಾರದು ಎಂಬುದನ್ನು ನುಂಗಿಕೊಂಡೇ ಆ ತುತ್ತು ನುಂಗಿದಳು.

ಕಾಲೊನಿ ಉಸಿರು ಬಿಗಿಹಿಡಿದು ನೋಡಿತು. ಆಗ ಗುಂಪನ್ನು ಕೋಲಿನಿಂದ ಸರಿಸಿಕೊಂಡು ಪದ್ಮನಾಭರ ತಾಯಿ ಬಂದಳು. ಬಾಗಿದ ಬೆನ್ನು, ಬೊಚ್ಚು ಬಾಯಿ.

"ಅಮ್ಮಾ, ಒದ್ದು!" ಬೇಡವೆಂದು ಪದ್ಮನಾಭ ತೆಲುಗಿನಲ್ಲಿ ಕೂಗಿದರು.

"ನೀ ಬಾಯಿ ಮುಚ್ಚು," ಎಂದು ಮುದುಕಿ ತೆಲುಗಿನಲ್ಲೇ ಗದರಿದಳು. "ನನ್ನ ವಯಸ್ಸಿನವಳಿಗೆ ಮಾಟ ಮಾಡಿ ಯಾರಿಗೇನು ಲಾಭ? ಬೆಳಿಗ್ಗೆಯಿಂದ ವಾಸನೆ ಬಂದು ಬಂದು ಹೊಟ್ಟೆ ಚುರ್ ಅನ್ನುತ್ತಿದೆ." ಗುರುದೇವಿಯ ಪಕ್ಕ ಕೂತು ಕೈ ಒಡ್ಡಿದಳು. ಒಂದು ಕಡುಬು ಭಜ್ಜಿಯಲ್ಲಿ ಹಿಸುಕಿ ಬಾಯಿಗೆ ಹಾಕಿಕೊಂಡಳು. ಅಗಿದಳು. ಕಣ್ಣು ಮುಚ್ಚಿದಳು. ಪದ್ಮನಾಭ ನೀರಿನ ತಂಬಿಗೆ ಎತ್ತಿಕೊಂಡು ಓಡಿಬಂದರು. ಮುದುಕಿ ಕಣ್ಣು ತೆರೆದು ತೀರ್ಪು ಕೊಟ್ಟಳು:

"ಉಪ್ಪು ಕಮ್ಮಿ."

ಅಷ್ಟೇ! ಅಮರೇಶಪ್ಪನ ಎದೆಯ ಮೇಲಿನ ಹಾಸುಗಲ್ಲು ಇಳಿಯಿತು. ಗುರುದೇವಿಗೆ ಮಾತ್ರ ಪೊಲೀಸರೇ ಬಂದಿದ್ದರೂ ಆಗದಷ್ಟು ಅವಮಾನವಾಯಿತು.

"ಕಮ್ಮಿ ಎಲ್ಲೈತಿ? ನೀವ ತಿಂದು ಹೇಳ್ರಿ!" ಎಂದು ಸಕ್ಕರೆ ತಂದಿದ್ದ ಹೆಂಗಸಿಗೆ ಒಂದು ತುತ್ತು ಕೊಟ್ಟಳು. ಅವಳು ಸರಿಯಾಗಿದೆ ಎಂದಳು. ಇನ್ನೊಬ್ಬಳು ಇನ್ನೂ ಚೂರು ತಿಂದು ನೋಡಬೇಕು ಎಂದಳು. ಹೇಗೂ ರೈಲು ತಪ್ಪಿದ್ದ ಗಂಡಸರೂ ಉಪ್ಪಿನ ವಿಚಾರಣೆಗೆ ಕೂತರು. ನೋಡುನೋಡುತ್ತಿದ್ದಂತೆ ರೊಟ್ಟಿಯ ಬುಟ್ಟಿ ಬರಿದಾಯಿತು, ಅಂಬಲಿಯ ಗಡಿಗೆ ತಳ ಕಂಡಿತು, ಚರಗದ ಬುಟ್ಟಿಯಲ್ಲಿ ಉಳಿದದ್ದನ್ನೂ ಬಿಡಲಿಲ್ಲ. ಉಪ್ಪಿನ ತಕರಾರು ಮಾತ್ರ ಇತ್ಯರ್ಥವಾಗಲಿಲ್ಲ.

ಪದ್ಮನಾಭ ಕೈ ತೊಳೆದುಕೊಂಡು ಬಂದು, "ನಮಗೆ ನೀವು ಹಿಡಿಸಿದಿರಂಡಿ. ಮನೆ ನಿಮ್ಮದೇ," ಎಂದರು.

ಅಮರೇಶಪ್ಪ ಮೀಸೆ ತಿರುವಿದ. "ನೋಡಿದ್ಯಾ?" ಎಂದು ಹೆಂಡತಿಯ ಕಡೆ ಹುಬ್ಬು ಹಾರಿಸಿದ.

ಹುಬ್ಬು ಇಳಿಯುವ ಮೊದಲೇ ಯಾರೋ ಅಂಗಿಯ ತೋಳು ಜಗ್ಗಿದರು. ವಿಜಯಕುಮಾರ. ಆ ಕಡೆ ಈ ಕಡೆ ನೋಡಿ, ಹಿಂದಿಯಲ್ಲಿ ಗುಟ್ಟಾಗಿ ಕೇಳಿದ: "ಅಂಕಲ್, ಊಟ ಅಂತ ನೀವು ಎಲ್ಲರಿಗೂ ಹೇಳಿದ್ದು ಸರಿ. ನನಗೆ ಗೊತ್ತಾಯ್ತು ಬಿಡಿ. ನಮ್ಮ ಮ್ಯಾನೇಜರ್ ನನ್ನ ಅಮೇರಿಕಾ ವೀಸಾ ತಡೆದು ಕೂತಿದ್ದಾನೆ. ಅವನ ಹೆಸರಿನ ಮೇಲೆ ಒಂದು ಮುದ್ದೆ ಎಸೀತೀರಾ?"

"ಏನಂದಿ?!"

"ಮೆಲ್ಲಗೆ ಅಂಕಲ್, ಮೆಲ್ಲಗೆ! ಅವನ ಫೋಟೋ ಬೇಕಾದರೆ ತರ್ತೀನಿ."

ಅವನನ್ನು ಓಡಿಸಿ ಒಳಗೆ ಬಂದರೆ ಹಿತ್ತಲ ಬಾಗಿಲಲ್ಲಿ ಸಕ್ಕರೆಯ ಹೆಂಗಸು. ಅತ್ತೆಯ ಬಾಯಿ ಕಟ್ಟಲು ಏನಾದರೂ ಇದೆಯೇ ಎಂದು ಅವಳ ವಿಚಾರಣೆ. ಅವಳು ಹೋದಮೇಲೆ ಅವಳ ಅತ್ತೆ! ಮಾರಾಟವಾಗದ ಪ್ಲಾಟಿಗೆ ಒಂದು ಸುತ್ತು ಕೂಗಿಬಿಡಿ ಎನ್ನುವವನೊಬ್ಬ. ತಿಂದು ಕೈ ತೊಳೆದುಕೊಂಡಿದ್ದರೂ ಅವರ ತಲೆಯೊಳಗಿನ ಮಾಟ ತೊಳೆದುಹೋಗಿರಲಿಲ್ಲ; ಈ ಮೇಸ್ತ್ರಿ ಕೇಡು ಮಾಡುವವನಲ್ಲ, ಆದರೆ ಶಕ್ತಿಯುಳ್ಳವನು ಎಂದಷ್ಟೇ ತೀರ್ಮಾನವಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಮುಂದೆ ಪಾಳಿ ಹಚ್ಚಿ ನಿಂತಿದ್ದರು, ಒಬ್ಬರೂ ಪಿಟ್ ಎನ್ನದೆ. ಆ ಸದ್ದಿಲ್ಲದ ಪಾಳಿಯನ್ನು ಕಿಟಕಿಯಿಂದ ನೋಡಿ ಅಮರೇಶಪ್ಪನಿಗೆ ಮೈ ಜುಮ್ಮೆಂದಿತು. ಕೊನೆಗೆ ಪದ್ಮನಾಭರೇ ಒಳಗೆ ಬಂದು ಕದ ಮುಂದೆ ಮಾಡಿದರು.

"ನೀವು ಇಲ್ಲೇ ಇರಬೇಕು. ಪ್ರತಿ ಅಮಾವಾಸ್ಯೆಗೂ ಒಂದು ಸುತ್ತು. ಕಾಲೊನಿಯ ಕ್ಷೇಮಕ್ಕೆ. ಮೀಟಿಂಗಿನಲ್ಲಿ ಎಲ್ಲರೂ ಒಪ್ಪಿದ್ದಾರೆ."

"ಗುರುದೇವಿ," ಎಂದ ಅಮರೇಶಪ್ಪ. ಮದುವೆಯಾದ ಮೇಲೆ ಮೊದಲ ಸಲ ಅವನ ಪಿಸುಮಾತು ಅವಳಿಗೆ ಕೇಳಿಸಿತು. "ಹಾಸಿಗಿ ಸುತ್ತು."

ಸಂಜೆಯ ರೈಲು ಹತ್ತಿ ಲಿಂಗಂಪಲ್ಲಿಯ ಗದ್ದಲಕ್ಕೆ ಇಳಿದಾಗ ಅಮರೇಶಪ್ಪನಿಗೆ ತವರಿಗೆ ಬಂದಂತಾಯಿತು. ಆಟೋದವರ ಕೂಗು, ಬಸ್ಸಿನ ಹಾರ್ನು, ಯಾರೋ ಯಾರಿಗೋ ಬೈಯುವುದು! ಅವನೂ ಕಾರಣವಿಲ್ಲದೆ ಒಬ್ಬ ಆಟೋದವನಿಗೆ ಬೈದ, ಅವನು ತಿರುಗಿ ಬೈದ. ಇಬ್ಬರಿಗೂ ಸಮಾಧಾನವಾಯಿತು. ಮೊಣಕಾಲಿನ ಸದ್ದು ಎಲ್ಲಿ ಹೋಯಿತೋ!

ಆದರೆ ಮಣಿಕೊಂಡ ಹತ್ತಿರವಾದಂತೆ ಹೊಸ ಚಿಂತೆ ಹತ್ತಿತು. ಮುದುಕಿ ಮನೆಯನ್ನು ಬೇರೆಯವರಿಗೆ ಕೊಟ್ಟುಬಿಟ್ಟಿದ್ದರೆ? ಉಮಾಬಾಯಿ ಅಂಗಳದಲ್ಲೇ ಕೂತಿದ್ದಳು. ಅಮರೇಶಪ್ಪ ಚಪ್ಪಲಿ ಬಿಟ್ಟು ಅವಳ ಮುಂದೆ ನಿಂತ. ಯಾರ ಮುಂದೆಯೂ ಬಗ್ಗದ ಕುತ್ತಿಗೆ, ಬಗ್ಗಿತು.

"ಬಾಯಾರ... ಮನಿ..."

"ನಿನ್ನಿ ಒಬ್ಬರು ನೋಡಾಕ ಬಂದಿದ್ರಪಾ," ಎಂದಳು ಉಮಾಬಾಯಿ. "ಗಂಡ ಹೆಂಡತಿ, ಕಂಪ್ಯೂಟರ್ ಕೆಲಸದವರು. 'ಅಜ್ಜೀ, ಈ ಓಣಿ ಹೆಂಗ, ಗದ್ದಲ ಏನೂ ಇಲ್ಲಲ್ಲಾ' ಅಂದ್ರು."

"ನೀವೇನಂದ್ರಿ?"

"ಏನನ್ನಲಿ? ಬ್ಲಾಸ್ಟಿಂಗ್ ಆಗಿತ್ತು, ಬೋರ್ ಹೊಡಿಯೂ ಮಷೀನ್ ನಡದಿತ್ತು. ಆದ್ರೂ ನೀ ಇಲ್ಲದ ಓಣಿ ಎಷ್ಟ ತಣ್ಣಗಿತ್ತಂದ್ರ, ನನಗ ನಿದ್ದಿನ ಹತ್ತಲಿಲ್ಲಪಾ! ಅವರಿಗೆ ಮನಿ ಭಾಳ ಹಿಡಿಸಿತ್ತು. 'ಇಲ್ಲವಾ, ಗದ್ದಲ ಊರಿಗೆ ಹೋಗೇತಿ, ನಾಳಿ ಬರತೈತಿ' ಅಂತ ಹೇಳಿ ಕಳಿಸಿದೆ. ಹೋಗು, ಕೈಕಾಲು ತೊಳಕೋ."

ಅಮರೇಶಪ್ಪ ಗಂಟುಮೂಟೆ ಎತ್ತಿಕೊಂಡ. ಒಳಗೆ ಹೋಗಿ ತಗಡಿನ ತೂತಿನಿಂದ ಕಾಣುವ ಒಂದು ಚೂರು ಆಕಾಶವನ್ನು ನೋಡುತ್ತ ಕೂತ. ಮೂಲೆಯಲ್ಲಿ ಗುರುದೇವಿ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳು. ನಗಲಿ ಬಿಡು ಅನ್ನಿಸಿತು.

ಅದಾಗಿ ಎಷ್ಟೋ ಎಳ್ಳ ಅಮಾಸಿಗಳು ಬಂದು ಹೋದವು. ಪ್ರತಿ ಸಲ ಭಜ್ಜಿಗೆ ಒಗ್ಗರಣೆ ಹಾಕುವಾಗ, ಒಂದು ಚಿಟಿಕೆ ಉಪ್ಪು ಹೆಚ್ಚಿಗೆ ಉದುರಿಸುತ್ತ ಗುರುದೇವಿ ಕೇಳುತ್ತಾಳೆ:

"ಶಂಕರಪಲ್ಲಿ ಭೂಮಿತಾಯಿಗೆ ಅರ್ಧಾ ಉಣಿಸಿ ಓಡಿ ಬಂದ್ರಿ. ಉಳಿದ ಅರ್ಧಾ ಯಾವಾಗ್ರಿ?"

"ಹೋಗಿ ಚೆಲ್ಲಿ ಬರ್ತಿದ್ದೆ," ಎನ್ನುತ್ತಾನೆ ಅಮರೇಶಪ್ಪ. "ಕೂಗಲಾರದ ಚೆಲ್ಲಿದ್ರ ಆ ತಾಯಿ ಒಪ್ಪಂಗಿಲ್ಲ. ಕೂಗಿದ್ರ ಆ ಮಂದಿ ನನ್ನ ಬಿಡಂಗಿಲ್ಲ."

"ಹಂಗಾರ?"

"ಹಂಗಾರ ಏನು? ರೊಟ್ಟಿ ಹಾಕು."